ಗಂಟೆ ಬಾರಿಸದ ಟೀಚರ್

ಶಾಲೆಯಲ್ಲಿ ನನ್ನನ್ನು 'ಏಯ್' ಎಂದು ಕರೆಯಬೇಕೆಂದು ನನ್ನ ಮಗಳಿಗೆ ಹೇಳಿಕೊಟ್ಟವಳು ನಾನೇ. ಅಡುಗೆಮನೆಯಲ್ಲಿ ನಿಲ್ಲಿಸಿ ಹೇಳಿಕೊಟ್ಟೆ. ನಾನು ಗುಡಿಸುತ್ತಾ ಹತ್ತಿರ ಬರುತ್ತೇನೆ, ನೀನು ಮೂಗಿಗೆ ಬಟ್ಟೆ ಹಿಡಿದು ಪಕ್ಕಕ್ಕೆ ಸರಿಯಬೇಕು, 'ಏಯ್, ಆ ಮೂಲೆ ಬಿಟ್ಟಿದ್ದೀಯ ನೋಡು' ಅನ್ನಬೇಕು ಎಂದೆ. ಅವಳು ಬಾಯಿ ತೆರೆದಳು. ನಾಲಿಗೆ ಹೊರಳಲಿಲ್ಲ. ನಕ್ಕಳು. ನಾನು ನಗಲಿಲ್ಲ, ಇನ್ನೊಮ್ಮೆ ಅನ್ನು ಎಂದು ಗದರಿದೆ. ಅವಳು ನೆಲ ನೋಡುತ್ತಾ, "ಏಯಮ್ಮಾ" ಅಂದಳು. ಪೊರಕೆಯ ಹಿಡಿಯಿಂದ ಬೆನ್ನಿಗೆ ಒಂದು ಕೊಟ್ಟೆ.

ನಾನು ಆ ಶಾಲೆಯ ಕಕ್ಕಸು ತೊಳೆಯುವವಳು. ನನ್ನ ಮಗಳು ಅದೇ ಶಾಲೆಗೆ ಬದಲಿ ಟೀಚರ್ ಆಗಿ ಬಂದಳು. ಬೇರೆ ಶಾಲೆಗಳು ಇರಲಿಲ್ಲವೇ? ಇದ್ದವು. ಅರ್ಜಿ ಹಾಕಿದ ಕಡೆಯೆಲ್ಲ ನಮ್ಮ ಬೀದಿಯ ಹೆಸರು ನೋಡಿ 'ತಿಳಿಸ್ತೀವಿ' ಅಂದರು. ತಿಳಿಸಲಿಲ್ಲ. ನಮ್ಮದು ಚರಂಡಿ ಕೆಲಸದವರ ಬೀದಿ. ಅದರ ಹೆಸರು ಹೇಳಿದರೆ ಸಾಕು, ಎದುರಿಗೆ ಕೂತವರು ಕುರ್ಚಿಯನ್ನು ಅಷ್ಟು ಹಿಂದಕ್ಕೆ ಎಳೆದುಕೊಳ್ಳುತ್ತಾರೆ. ಈ ಶಾಲೆಗೆ ಬದಲಿ ಟೀಚರ್ ಬೇಕೆಂಬ ಮಾತು ಸ್ಟಾಫ್ ರೂಮ್ ಒರೆಸುವಾಗ ನನ್ನ ಕಿವಿಗೆ ಬಿತ್ತು. ಪೇಟೆಯ ಆಚೆ ತುದಿಯಲ್ಲಿ ನನ್ನ ಗೆಳತಿಯೊಬ್ಬಳಿದ್ದಾಳೆ, ದರ್ಜಿಯ ಹೆಂಡತಿ. ಅವಳ ಮನೆಯ ವಿಳಾಸ ಬರೆಸಿದೆ. ಮಗಳು ಬೇಡ ಅಂದಳು. ನಿನ್ನ ನೀತಿ ಪಾಠ ಮಕ್ಕಳಿಗೆ ಹೇಳು, ನನಗೆ ಬೇಡ ಎಂದೆ. ಸುಳ್ಳು ಶುರುವಾದದ್ದು ಅಲ್ಲಿಂದ. ಶುರು ಮಾಡಿದವಳು ನಾನು.

ನನ್ನ ಕೆಲಸ ಮಕ್ಕಳು ಬರುವ ಮೊದಲೇ ಶುರು. ಹಿಂದಿನ ಗೇಟಿನಿಂದ ಒಳಗೆ ಹೋಗಬೇಕು. ಮುಂದಿನ ಗೇಟು ಟೀಚರುಗಳಿಗೆ, ಮಕ್ಕಳಿಗೆ, ಹಾಲಿನವನಿಗೆ, ವಾಚ್‌ಮನ್ ಸಾಕಿಕೊಂಡಿರುವ ನಾಯಿಗೂ ಉಂಟು, ನನಗಿಲ್ಲ. ಕಕ್ಕಸಿನಲ್ಲಿ ಕಟ್ಟಿಕೊಂಡದ್ದನ್ನು ಕೋಲಿನಿಂದ ತಳ್ಳುತ್ತೇನೆ. ಕೋಲಿಗೆ ಬಗ್ಗದಿದ್ದರೆ ಕೈ ಹಾಕುತ್ತೇನೆ. ಗ್ಲೌಸ್ ಕೇಳಿದಾಗಲೆಲ್ಲ 'ಬರುತ್ತೆ ಬರುತ್ತೆ' ಎಂಬ ಉತ್ತರ. ಆಸಿಡ್ ತಾಗಿ ತಾಗಿ ಬೆರಳ ತುದಿಯ ಗೆರೆಗಳೇ ಅಳಿಸಿಹೋಗಿವೆ. ಹೆಬ್ಬೆಟ್ಟು ಒತ್ತುವ ಮೆಷಿನ್ನಿನ ಮೇಲೆ ಬೆರಳಿಟ್ಟರೆ ಅದು ನನ್ನನ್ನು ಮನುಷ್ಯಳೆಂದು ಒಪ್ಪುವುದಿಲ್ಲ. ಸಂಜೆ ಎಷ್ಟು ಸೋಪು ಉಜ್ಜಿದರೂ ಅನ್ನಕ್ಕೆ ಕೈಯಿಟ್ಟಾಗ ವಾಸನೆ ಏಳುತ್ತದೆ. ಆ ಕೈಯಲ್ಲೇ ಮಗಳಿಗೆ ತುತ್ತು ಮಾಡಿ ಕೊಟ್ಟು ಬೆಳೆಸಿದೆ. ಅವಳಪ್ಪ ಅವಳು ನಡೆಯುವ ಮೊದಲೇ ಇನ್ನೊಂದು ಸಂಸಾರ ಕಟ್ಟಿಕೊಂಡು ಹೋದ. ಅವನ ಸುದ್ದಿ ಇಲ್ಲಿ ಬೇಡ.

ಒಳ್ಳೆಯ ಬದಲಿ ಟೀಚರ್ ಹೇಗಿರಬೇಕೆಂದು ಆ ಶಾಲೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಟೀಚರುಗಳು ಟೀ ಕುಡಿಯುತ್ತಾ ಮಾತಾಡುವಾಗ ನಾನು ಅವರ ಕಾಲ ಬುಡದಲ್ಲಿ ನೆಲ ಒರೆಸುತ್ತಿರುತ್ತೇನೆ, ಕಾಲು ಎತ್ತುತ್ತಾರೆಯೇ ಹೊರತು ಮಾತು ನಿಲ್ಲಿಸುವುದಿಲ್ಲ. ಬದಲಿಯವಳ ಕ್ಲಾಸಿನಿಂದ ಸದ್ದು ಬರಬಾರದಂತೆ. ಪಾಠ ಮುಂದಕ್ಕೆ ಓಡಿಸಿದರೆ ರಜೆ ಮುಗಿಸಿ ಬಂದವರಿಗೆ ಕೋಪ ಬರುತ್ತದಂತೆ. ಮಕ್ಕಳು ಹಚ್ಚಿಕೊಂಡರಂತೂ ತಲೆನೋವಂತೆ. ಹೋಗುವಾಗ ಬೋರ್ಡು ಒರೆಸಿ ಹೋಗಬೇಕು, ಬಂದದ್ದೂ ಹೋದದ್ದೂ ಯಾರಿಗೂ ತಿಳಿಯಬಾರದು. ಕೇಳಿಸಿಕೊಳ್ಳುತ್ತಾ ಅನಿಸಿತು, ಅಯ್ಯೋ, ಇದು ನನ್ನದೇ ಕೆಲಸವಲ್ಲವೇ. ಒರೆಸಬೇಕು, ಕಾಣಿಸಬಾರದು. ಇದರಲ್ಲಿ ನನಗಿಂತ ಪಳಗಿದವರು ಯಾರು? ಎಲ್ಲವನ್ನೂ ಮಗಳಿಗೆ ಗಿಣಿಪಾಠ ಮಾಡಿಸಿದೆ.

ಅವಳು ಹೂಂ ಹೂಂ ಅಂದಳು, ಒಂದನ್ನೂ ಪಾಲಿಸಲಿಲ್ಲ. ಮೊದಲ ದಿನವೇ ಎಡ ಅಂಗೈಯಲ್ಲಿ ಪೆನ್ನಿನಿಂದ ಬೆಂಚುಗಳ ಚಿತ್ರ ಬರೆದುಕೊಂಡು, ಯಾವ ಬೆಂಚಿನಲ್ಲಿ ಯಾವ ಮಗು ಎಂದು ಹೆಸರು ತುಂಬಿಕೊಂಡಳಂತೆ. ಮನೆಗೆ ಬಂದಾಗ ಕೈಯೆಲ್ಲ ನೀಲಿ. ಊಟಕ್ಕೆ ಕೂತಾಗ ಕೈ ತೊಳಿ ಎಂದರೆ, ತಾಳು, ಇನ್ನೂ ಬಾಯಿಗೆ ಬಂದಿಲ್ಲ ಎಂದು ಹೆಸರುಗಳನ್ನು ಗೊಣಗಿದಳು. ಮರುದಿನ ಕೊನೆಯ ಬೆಂಚಿನವರನ್ನೂ ಹೆಸರು ಹಿಡಿದು ಕರೆದಳು.

ಎರಡನೇ ಕ್ಲಾಸಿನ ಟೀಚರ್ ಹೆರಿಗೆಗೆ ಹೋಗಿದ್ದರು. ಅವರು ಇನ್ನು ಬರುವುದಿಲ್ಲವೆಂಬ ಸುದ್ದಿ ಬಂತು. ಹೆಡ್ ಮೇಡಂ ನನ್ನ ಮಗಳನ್ನು ಕರೆದು, ಈ ಸಲದ ಪರೀಕ್ಷೆವರೆಗೆ ಒಂದು ದೂರೂ ಬರದಿದ್ದರೆ ಆ ಜಾಗ ನಿನ್ನದೇ ಎಂದರಂತೆ. ಆ ರಾತ್ರಿ ನನಗೆ ಸಂತೋಷಕ್ಕಿಂತ ಹೆದರಿಕೆ ಹೆಚ್ಚಾಯಿತು. ಎದುರಾದರೆ ಮುಖ ತಿರುಗಿಸು, ನಾನು ಜಾರಿ ಬಿದ್ದರೂ ಎತ್ತಬೇಡ ಎಂದು ಆಣೆ ಹಾಕಿಸಿಕೊಂಡೆ.

ಆ ಶಾಲೆಯಲ್ಲಿ ಒಂದು ಪದ್ಧತಿ ಇದೆ. ಆಫೀಸಿನ ಹೊರಗೆ ಗಂಟೆ ತೂಗುಹಾಕಿದ್ದಾರೆ. ಪಾಠ ನಡೆಯುವಾಗ ಅದು ಎರಡು ಸಲ ಢಣ್ ಢಣ್ ಎಂದರೆ ಯಾವುದೋ ಮಗು ಚಡ್ಡಿಯಲ್ಲೇ ಮಾಡಿಕೊಂಡಿದೆ ಎಂದು ಅರ್ಥ. ಅದು ನನಗೆ ಕರೆ. ಎಲ್ಲಿದ್ದರೂ ಬಕೆಟ್ಟು ಎತ್ತಿಕೊಂಡು ಓಡಬೇಕು. ಆದರೆ ಕರೆ ನನಗೊಬ್ಬಳಿಗೇ ಕೇಳಿಸುತ್ತದೆಯೇ? ಇಡೀ ಶಾಲೆಗೆ ಕೇಳಿಸುತ್ತದೆ. ಯಾವ ಕ್ಲಾಸು, ಯಾವ ಕ್ಲಾಸು ಎಂದು ಎಲ್ಲ ಕಿಟಕಿಗಳಲ್ಲೂ ಮಕ್ಕಳು ನೇತಾಡುತ್ತಾರೆ. ಟೀಚರ್ ಮೂಗು ಮುಚ್ಚಿಕೊಂಡು ಜಗಲಿಯಲ್ಲಿ ನಿಲ್ಲುತ್ತಾರೆ. ಮಾಡಿಕೊಂಡ ಮಗು ಒಳಗೆ ಒಬ್ಬಂಟಿಯಾಗಿ ನಿಂತಿರುತ್ತದೆ. ನಾನು ಬಗ್ಗಿ ಒರೆಸುತ್ತೇನೆ, ಮಗುವನ್ನು ರೆಟ್ಟೆ ಹಿಡಿದು ಹಿಂದಿನ ನಲ್ಲಿಗೆ ನಡೆಸುತ್ತೇನೆ. ಹೋದ ವರ್ಷ ಹೀಗೇ ಒಬ್ಬ ಹುಡುಗನನ್ನು ತೊಳೆದೆ. ಮೈಮೇಲೆ ನೀರು ಬಿದ್ದಾಗಲೂ ಎರಡು ಕೈಯಲ್ಲಿ ಮುಖ ಮುಚ್ಚಿಕೊಂಡೇ ಇದ್ದ. ಅವನು ಮತ್ತೆ ಆ ಶಾಲೆಯ ಮೆಟ್ಟಿಲು ಹತ್ತಲಿಲ್ಲ. ಇದನ್ನು ಮನೆಯಲ್ಲಿ ಮಗಳಿಗೆ ಹೇಳಿದ್ದೆ. ನಾನು ಹೇಳಿದ ಅಷ್ಟೂ ಬುದ್ಧಿಮಾತು ಬಿಟ್ಟು ಇದೊಂದನ್ನು ಅವಳು ಹಿಡಿದಿಟ್ಟುಕೊಂಡಿದ್ದಳು.

ಎರಡನೇ ಕ್ಲಾಸಿನಲ್ಲಿ ಒಂದು ಹುಡುಗಿ ಇದ್ದಳು. ಮಾತು ತೊದಲುತ್ತಿತ್ತು. ಮಕ್ಕಳು ತೊದಲಿ ಎನ್ನುತ್ತಿದ್ದರು, ಟೀಚರುಗಳೂ ಹಾಗೇ ಅನ್ನುತ್ತಿದ್ದರು. ನನ್ನ ಮಗಳು ಮಾತ್ರ ಹೆಸರು ಹಿಡಿದೇ ಕರೆಯುತ್ತಿದ್ದಳು. ಆ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ನಾಳೆ ದೊಡ್ಡವಳಾಗಿ ಇದನ್ನು ಓದಿದರೆ ಅವಳಿಗೆ ಮುಜುಗರ ಆಗಬಾರದು. ಆವತ್ತು ಆ ಮಗು ಹೊರಗೆ ಹೋಗಬೇಕೆಂದು ಕೇಳಲು ಎದ್ದು ನಿಂತಿತಂತೆ. ಮೊದಲ ಅಕ್ಷರ ಸಿಕ್ಕಿಕೊಂಡಿತು. ಮಾತು ಬರುವುದರೊಳಗೆ ಆಗಬಾರದ್ದು ಆಗಿಹೋಯಿತು.

ನಾನು ಹಿಂದೆ ಪಾಚಿ ಉಜ್ಜುತ್ತಿದ್ದೆ. ಗಂಟೆ ಕೇಳಿಸಲಿಲ್ಲ. ಮಕ್ಕಳ ಸದ್ದು ಕೇಳಿಸಿತು. ಬಗ್ಗಿ ನೋಡಿದರೆ ನಲ್ಲಿಯ ಹತ್ತಿರ ನನ್ನ ಮಗಳು ಮಂಡಿಯೂರಿ ಕೂತು ಆ ಹುಡುಗಿಯ ಕಾಲು ತೊಳೆಯುತ್ತಿದ್ದಾಳೆ. ತನ್ನ ಟವೆಲ್ಲನ್ನು ಅದರ ಸೊಂಟಕ್ಕೆ ಸುತ್ತಿದ್ದಾಳೆ. ಕ್ಲಾಸಿನ ಮಕ್ಕಳು ಸಾಲು ಕಟ್ಟಿಕೊಂಡು ಮಗ್ಗಿನಲ್ಲಿ ನೀರು ಒಯ್ಯುತ್ತಿದ್ದಾರೆ, ಕ್ಲಾಸಿನ ನೆಲಕ್ಕೆ ಸುರಿದು ಪೊರಕೆಯಲ್ಲಿ ತಳ್ಳುತ್ತಿದ್ದಾರೆ. ಯಾರೂ ಮೂಗು ಮುಚ್ಚಿಲ್ಲ, ಯಾರೂ ನಗುತ್ತಿಲ್ಲ. ನೀರಾಟ ಸಿಕ್ಕಿತೆಂಬ ಖುಷಿ ಅಷ್ಟೇ. ಮುಂದಿನ ಬೆಂಚಿನ ಗುಂಡಣ್ಣನೊಬ್ಬ, ಪೇಟೆಯ ರಸ್ತೆ ಗುತ್ತಿಗೆದಾರನ ಮಗ, ಎಲ್ಲರಿಗಿಂತ ಜೋರಾಗಿ ಓಡಾಡುತ್ತಿದ್ದ.

ನನ್ನ ಮೈ ಉರಿದುಹೋಯಿತು. ಈ ಕೆಲಸ ಮಾಡಲಿಕ್ಕೆ ಇವಳನ್ನು ಓದಿಸಬೇಕಿತ್ತೇ? ಸರಸರ ಹೋಗಿ ಅವಳ ಕೈಯಿಂದ ಮಗ್ಗು ಕಿತ್ತುಕೊಂಡೆ. ಮಕ್ಕಳೆದುರು, ಬಿಡಿ ಟೀಚರ್, ಇದು ನನ್ನ ಕೆಲಸ ಎಂದೆ. ಅವಳು ತಲೆ ಎತ್ತದೆ, ಆಯ್ತು, ಮುಗೀತು, ನೀವು ಹೋಗಿ ಅಂದಳು. ಆ ಶಾಲೆಯಲ್ಲಿ ನನ್ನನ್ನು ಯಾರೂ ಬಹುವಚನದಲ್ಲಿ ಮಾತಾಡಿಸಿರಲಿಲ್ಲ. ನನಗೆ ಸಿಟ್ಟು ಇನ್ನೂ ಏರಿತು.

ಮನೆಗೆ ಬಂದವಳನ್ನು ಬಾಗಿಲಲ್ಲೇ ಹಿಡಿದುಕೊಂಡೆ. ಗಂಟೆ ಯಾಕೆ ಹೊಡೆಸಲಿಲ್ಲ ಎಂದೆ.

"ಹೊಡೆಸಿದ್ರೆ ನಾಳೆ ಆ ಮಗು ಸ್ಕೂಲಿಗೆ ಬರ್ತಿತ್ತಾ? ನೀನೇ ಹೇಳು."

"ಬರದಿದ್ರೆ ನಿಂಗೇನೇ? ನೀನು ಬದಲಿಗೆ ಬಂದೋಳು. ನಾಲ್ಕು ದಿನ ಇದ್ದು ಹೋಗೋಳು."

"ನಾನು ಬದಲಿ ಅಂತ ಅವಳಿಗೆ ಗೊತ್ತಿಲ್ಲಮ್ಮ. ಟೀಚರ್ ಅಂತ ಅಷ್ಟೇ ಗೊತ್ತು."

ಹಾಳಾಗಿ ಹೋಗು ಎಂದು ಒಳಗೆ ಹೋದೆ.

ಮರುದಿನ ಗುತ್ತಿಗೆದಾರ ಕಾರು ಹಾಕಿಕೊಂಡು ಬಂದ. ಮಗ ಮನೆಯಲ್ಲಿ ಹೆಮ್ಮೆಯಿಂದ ಹೇಳಿಕೊಂಡಿದ್ದಾನೆ, ನಾವೆಲ್ಲ ಸೇರಿ ಕ್ಲಾಸು ತೊಳೆದೆವು ಎಂದು. ಅಪ್ಪನಿಗೆ ಬೆಂಕಿ ಹತ್ತಿದೆ. ಅವನ ಕೂಗಾಟ ಕಕ್ಕಸಿನವರೆಗೂ ಕೇಳಿಸುತ್ತಿತ್ತು. ನನ್ನ ಮಗ ಕಕ್ಕಸು ತೊಳೆಯೋಕೆ ಬರ್ತಾನೇನ್ರೀ, ಅದಕ್ಕೆ ಅಂತಲೇ ಹುಟ್ಟಿದ ಜನ ಇಲ್ವಾ ಎನ್ನುತ್ತಿದ್ದ. ಸ್ವಲ್ಪ ಹೊತ್ತಿಗೆ ವಾಚ್‌ಮನ್ ಬಂದು ಹೆಡ್ ಮೇಡಂ ಕರೆಯುತ್ತಿದ್ದಾರೆ ಎಂದ.

ಹೆಡ್ ಮೇಡಂ ಕೆಟ್ಟವರೆಂದು ಯಾರೂ ಹೇಳುವುದಿಲ್ಲ. ಮೆಲ್ಲಗೆ ಮಾತಾಡುತ್ತಾರೆ. ಹಳೆ ಬಟ್ಟೆ ಕೊಡುತ್ತಾರೆ. ನೀನು ನಮ್ಮ ಮನೆಯವಳಿದ್ದ ಹಾಗೆ ಅನ್ನುತ್ತಾರೆ, ಅವರ ಮನೆ ಯಾವ ಬೀದಿಯಲ್ಲಿದೆ ಎಂದು ಕೂಡ ನನಗೆ ಗೊತ್ತಿಲ್ಲ. ನಾನು ಹೊಸ್ತಿಲ ಹೊರಗೆ ನಿಂತೆ. ಗುತ್ತಿಗೆದಾರ ಕುರ್ಚಿಯಲ್ಲಿದ್ದ. ನನ್ನ ಮಗಳು ಮೇಜಿನ ಮುಂದೆ ನಿಂತಿದ್ದಳು. ಪಕ್ಕದಲ್ಲಿ ಖಾಲಿ ಕುರ್ಚಿ ಇತ್ತು, ಕೂರು ಎಂದವರಿಲ್ಲ.

ಹಿಂದಿನ ದಿನ ಮೀಟಿಂಗಿಗೆಂದು ಹೊರಗೆ ಹೋಗಿದ್ದ ಮೇಡಂ, ಗಂಟೆಯಾದ ಮೇಲೂ ನೀನು ಯಾಕೆ ಹೋಗಲಿಲ್ಲ ಎಂದು ಕೇಳಿದರು. ದಾರಿಯಲ್ಲಿ ಬರುವಾಗಲೇ ನಾನು ಲೆಕ್ಕ ಹಾಕಿದ್ದೆ. ತಪ್ಪನ್ನು ನನ್ನ ತಲೆಗೆ ಎಳೆದುಕೊಂಡರೆ ಅವಳು ಉಳಿಯುತ್ತಾಳೆ. ನನ್ನನ್ನು ನಾಲ್ಕು ಬೈದು ಬಿಡುತ್ತಾರೆ, ಬೈಗುಳ ನನಗೆ ಹೊಸದೇ? ನೀರು ಬಿಟ್ಟುಕೊಂಡಿದ್ದೆ, ಗಂಟೆ ಕೇಳಿಸಲಿಲ್ಲ ಮೇಡಂ, ನನ್ನದೇ ತಪ್ಪು ಎಂದು ಕೈ ಮುಗಿದೆ.

ಮಗಳು ನನ್ನ ಕಡೆ ತಿರುಗಿದಳು. ಹೇಳಿಬಿಡುತ್ತಾಳೆಂದು ಅವಳ ಮುಖ ನೋಡಿಯೇ ತಿಳಿಯಿತು. ಬೇಡ ಎಂದು ಕಣ್ಣಲ್ಲೇ ಬೇಡಿಕೊಂಡೆ. ಅವಳು ಬಿಡಲಿಲ್ಲ.

"ಇವರ ತಪ್ಪಿಲ್ಲ ಮೇಡಂ. ನಾನು ಗಂಟೆ ಬಾರಿಸಲೇ ಇಲ್ಲ. ಆ ಮಗೂನ ಎಲ್ಲರ ಮುಂದೆ ನಿಲ್ಲಿಸೋಕೆ ನಂಗೆ ಇಷ್ಟ ಇರಲಿಲ್ಲ. ಇನ್ನೊಂದು. ಇವರು ನನ್ನ ತಾಯಿ. ನನ್ನ ತಾಯೀನ ನಾನು ಗಂಟೆ ಹೊಡೆದು ಕರೆಯಲ್ಲ."

ಗುತ್ತಿಗೆದಾರ ಕಾಲ ಮೇಲಿನ ಕಾಲು ಇಳಿಸಿದ. ಮೇಡಂ ನನ್ನನ್ನು ನೋಡಿದರು. ಅಷ್ಟು ವರ್ಷದಲ್ಲಿ ಅವರು ನನ್ನ ಮುಖವನ್ನು ನೆಟ್ಟಗೆ ನೋಡಿದ್ದು ಅದೇ ಮೊದಲು. ನನ್ನ ಕಣ್ಣು ಮೂಗುಗಳನ್ನು ಅವಳ ಕಣ್ಣು ಮೂಗಿನ ಪಕ್ಕದಲ್ಲಿಟ್ಟು ತೂಗುತ್ತಿರುವ ಹಾಗೆ ನೋಡಿದರು. ಹೌದೇನೇ ಎಂದರು.

ಮನೆಯಲ್ಲಿ ಎಷ್ಟು ಸಲ ಅಭ್ಯಾಸ ಮಾಡಿಸಿದ್ದೆ. ಅವಳಿಗೆ ಬರಲಿಲ್ಲ. ನನಗೆ ಬಂದಿತ್ತು.

"ಇಲ್ಲ ಮೇಡಂ. ನಂಗೆ ಮಕ್ಕಳೇ ಇಲ್ಲ."

ಮಗಳಿಗಾಗಿ ಹಾಗೆಂದೆ ಎಂದು ಆ ಕ್ಷಣ ನಂಬಿಕೊಂಡೆ. ಚರಂಡಿ ಬೀದಿಯವಳೆಂದು ತಿಳಿದರೆ ಆ ಜಾಗ ಇವಳಿಗೆ ಸಿಗುವುದಿಲ್ಲ, ಮುಚ್ಚಿಬಿಡೋಣ ಎಂದುಕೊಂಡೆ. ಅದು ಅರ್ಧ ನಿಜ. ಇನ್ನರ್ಧ ನನ್ನ ಹೊಟ್ಟೆಪಾಡು. ಸುಳ್ಳು ವಿಳಾಸ ಕೊಡಿಸಿದವಳು ನಾನೆಂದು ಗೊತ್ತಾದರೆ ನನ್ನ ಬಕೆಟ್ಟೂ ಬೀದಿಗೆ ಬೀಳುತ್ತದೆ ಎಂಬ ಭಯ. ಯಾವ ಅರ್ಧ ಮೊದಲು ಬಾಯಿಗೆ ಬಂತೆಂದು ಇಂದಿಗೂ ನನ್ನನ್ನು ನಾನು ಕೇಳಿಕೊಳ್ಳುತ್ತೇನೆ.

ಗುತ್ತಿಗೆದಾರ ಗಹಗಹಿಸಿ ನಕ್ಕ. ಬುದ್ಧಿ ನೆಟ್ಟಗಿಲ್ಲದವಳನ್ನ ತಂದು ನಮ್ಮ ಮಕ್ಕಳ ಮುಂದೆ ನಿಲ್ಲಿಸಿದ್ದೀರಲ್ಲ ಎಂದ. ಮೇಡಂ ನಿರಾಳವಾಗಿ ಉಸಿರು ಬಿಟ್ಟರು. ಅಲ್ಲಮ್ಮ, ತಪ್ಪು ಮಾಡಿದ್ದೂ ಅಲ್ಲದೆ ಸುಳ್ಳು ಬೇರೆ ಹೇಳ್ತೀಯಲ್ಲ, ಪಾಪದ ಹೆಂಗಸನ್ನ ಯಾಕೆ ಮಧ್ಯಕ್ಕೆ ಎಳೀತೀಯ ಎಂದು ಮೆಲ್ಲಗೇ ಕೇಳಿದರು. ಮಗಳು ವಾದಿಸಲಿಲ್ಲ. ಸಾಬೀತು ಮಾಡಬಹುದಿತ್ತು. ನನ್ನ ಸೊಂಟದ ಮೇಲಿನ ಸುಟ್ಟ ಗಾಯದಿಂದ ಹಿಡಿದು ಎಲ್ಲವೂ ಅವಳಿಗೆ ಗೊತ್ತು. ನನ್ನನ್ನೇ ನೋಡಿದಳು. ಆಮೇಲೆ ಬ್ಯಾಗು ತೆಗೆದುಕೊಂಡು ನನ್ನ ಪಕ್ಕದಿಂದಲೇ ದಾಟಿ ಹೋದಳು. ಅವಳ ಬಟ್ಟೆ ನನ್ನ ಕೈಗೆ ಸವರಿತು. ನಾನು ಕೈ ಹಿಂದಕ್ಕೆ ಎಳೆದುಕೊಂಡೆ, ಅವಳ ಬಟ್ಟೆ ಕೊಳೆಯಾಗಬಾರದೆಂದು. ಹಾಗೆ ಎಳೆದುಕೊಂಡದ್ದನ್ನು ಅವಳು ಏನೆಂದು ತಿಳಿದಳೋ.

ನೀನು ನಿಯತ್ತಿನವಳು ಎಂದು ಮೇಡಂ ಹೊಗಳಿದರು. ಅದೇ ಮಧ್ಯಾಹ್ನ ಗ್ಲೌಸ್ ಬಂತು. ಹೊಸದು, ಹಳದಿ ಬಣ್ಣ, ಮೊಣಕೈವರೆಗೂ ಬರುತ್ತಿತ್ತು. ಹಾಕಿಕೊಂಡೆ. ಹಾಕಿಕೊಂಡೆ ಎಂದು ಬರೆಯಲೂ ನಾಚಿಕೆಯಾಗುತ್ತದೆ. ಎರಡನೇ ಕ್ಲಾಸಿನ ಮುಂದೆ ಜಗಲಿ ಒರೆಸುವಾಗ ಒಳಗೆ ಮೇಡಂ ಮಕ್ಕಳಿಗೆ ಹೇಳುತ್ತಿದ್ದರು, ಆ ಟೀಚರ್ ಸುಳ್ಳು ಹೇಳ್ತಿದ್ರು, ಅದಕ್ಕೆ ಕಳಿಸಿದ್ವಿ, ಸುಳ್ಳು ಹೇಳಿದರೆ ಏನಾಗುತ್ತೆ ನೋಡಿದ್ರಲ್ಲ ಎಂದು. ಮಕ್ಕಳು ಒಟ್ಟಾಗಿ ಹೌದು ಮೇಡಂ ಎಂದರು. ನಾನು ಗ್ಲೌಸ್ ಹಾಕಿದ ಕೈಯಲ್ಲಿ ಬಟ್ಟೆ ಹಿಂಡುತ್ತಾ ಕೂತಿದ್ದೆ. ಎದ್ದು ಒಳಗೆ ಹೋಗಲಿಲ್ಲ.

ಸಂಜೆ ಕಾಲು ಎಳೆದುಕೊಂಡು ಮನೆಗೆ ಹೋದೆ. ಹೊಡೆಯಲಿ, ಕೂಗಾಡಲಿ, ಪಾತ್ರೆ ಎಸೆಯಲಿ ಎಂದು ಕಾದೆ. ಅವಳು ಅನ್ನ ಬಡಿಸಿ, "ಊಟ ಮಾಡಮ್ಮ" ಅಂದಳು. ಯಾವತ್ತೂ ಅನ್ನುವ ಹಾಗೆಯೇ ಅಂದಳು. ಯಾಕೆ ಹಾಗಂದೆ ಎಂದು ಒಂದು ಮಾತು ಕೇಳಲಿಲ್ಲ. ನಾನೇ ಜಗಳ ತೆಗೆದೆ. ನೀನು ಬಾಯಿ ಮುಚ್ಚಿಕೊಂಡಿದ್ದರೆ ಎಲ್ಲ ಸರಿಹೋಗುತ್ತಿತ್ತು ಎಂದೆ. ಅವಳು, ಅಷ್ಟು ದಿನ ಬಾಯಿ ಮುಚ್ಚಿಕೊಂಡೇ ಇದ್ದೆನಲ್ಲಮ್ಮ, ಅದೇ ನಂಗೆ ಅಸಹ್ಯ ಆಗಿತ್ತು ಎಂದಳು. ನಿನ್ನ ಮೇಲೆ ಅಲ್ಲ, ನನ್ನ ಮೇಲೆ ಎಂದು ಸೇರಿಸಿದಳು. ಅಸಹ್ಯಪಡಬೇಕಾದವಳು ಎದುರಿಗೆ ಕೂತು ಉಣ್ಣುತ್ತಿದ್ದಳು.

ಮರುದಿನ ಬೆಳಗ್ಗೆ ಮುಂದಿನ ಗೇಟಿಗೆ ಹೋದೆ. ವಾಚ್‌ಮನ್ ಕೋಲು ಅಡ್ಡ ಹಿಡಿದು, ಇದೇನು ಹೊಸ ದಾರಿ, ಹಿಂದಿನಿಂದ ಬಾ ಎಂದ. ಇವತ್ತು ಕೆಲಸಕ್ಕೆ ಬಂದಿಲ್ಲ, ಟೀಚರ ತಾಯಿ ಬಂದಿದ್ದಾಳೆ ಅಂತ ಹೋಗಿ ಹೇಳು ಎಂದೆ. ಕೋಲನ್ನು ಪಕ್ಕಕ್ಕೆ ತಳ್ಳಿ ನಡೆದೆ.

ಮೇಡಂ ಎದುರಿನ ಖಾಲಿ ಕುರ್ಚಿಯಲ್ಲಿ ಕೂತುಬಿಟ್ಟೆ. ಅವರು ಬೆಚ್ಚಿಬಿದ್ದು ಮೇಜಿನ ಮೇಲಿನ ಟೀ ಕಪ್ಪನ್ನು ಸರಿಸಿಕೊಂಡರು. ನಿನ್ನೆ ಸುಳ್ಳು ಹೇಳಿದವಳು ನಾನು, ಅವಳು ನನ್ನ ಹೊಟ್ಟೆಯಲ್ಲಿ ಹುಟ್ಟಿದವಳು, ವಾಪಸ್ಸು ಕರೆಸಿ ಎಂದೆ. ಅವರು ನನ್ನ ಮೇಲೆ ಮರುಕದಿಂದಲೇ ಹೇಳಿದರು.

"ನಿಜ ಗೊತ್ತಾಗಿದ್ರೂ ನಿನ್ನೇನೇ ಕಳಿಸ್ತಿದ್ದೆ ಕಣೆ. ಪೋಷಕರು ಸುಮ್ಮನಿರ್ತಾರಾ? ಹೋಗು, ಕೆಲಸ ನೋಡು. ಇವತ್ತು ಶಾಲೆ ನೋಡೋಕೆ ಇಲಾಖೆಯವರು ಬರ್ತಾರೆ, ಎಲ್ಲ ಪಳಪಳ ಅನ್ನಬೇಕು."

ಅಂದರೆ ನಾನು ಹೌದು ಅಂದಿದ್ದರೂ ಅವಳನ್ನು ಕಳಿಸುತ್ತಿದ್ದರು. ಇಲ್ಲ ಅಂದಿದ್ದಕ್ಕೂ ಕಳಿಸಿದರು. ನನ್ನ ಸುಳ್ಳಿನಿಂದ ಆ ಜಾಗ ಉಳಿಯಲಿಲ್ಲ. ಅವಳ ಮಾತೊಂದು ಉಳಿಯಬಹುದಿತ್ತು, ಅದನ್ನೂ ನಾನು ಕಿತ್ತುಕೊಂಡೆ.

ನಿಮ್ಮ ಕಕ್ಕಸನ್ನ ಇನ್ನು ಮೇಲೆ ನೀವೇ ತೊಳ್ಕೊಳ್ಳಿ ಎಂದೆ. ಕೂಗಲಿಲ್ಲ. ಗ್ಲೌಸನ್ನು ಅವರ ಮೇಜಿನ ಮೇಲೆ ಟೀ ಕಪ್ಪಿನ ಪಕ್ಕದಲ್ಲಿಟ್ಟೆ. ಮೇಡಂ ವಾಚ್‌ಮನ್, ವಾಚ್‌ಮನ್ ಎನ್ನುವುದರೊಳಗೆ ನಾನು ಎರಡನೇ ಕ್ಲಾಸಿನಲ್ಲಿದ್ದೆ.

ಹೊಸ ಬದಲಿ ಟೀಚರ್ ಬಂದಿದ್ದರು. ಚಿಕ್ಕ ವಯಸ್ಸು, ಕುರ್ಚಿ ಬಿಟ್ಟು ಏಳದೆ ಬಾಯಿ ಮೇಲೆ ಬೆರಳಿಟ್ಟುಕೊಂಡು ಕೂತಿದ್ದರು. ಮಕ್ಕಳೂ ಹಾಗೇ. ಒಂದು ಸದ್ದಿಲ್ಲ. ಬಹಳ ಒಳ್ಳೆಯ ಬದಲಿ ಟೀಚರ್. ನಾನು ಬೋರ್ಡಿನ ಹತ್ತಿರ ನಿಂತೆ. ಆ ಜಾಗದಲ್ಲಿ ಬಗ್ಗಿ ಗೊತ್ತಿತ್ತು, ನಿಂತು ಗೊತ್ತಿರಲಿಲ್ಲ.

"ನಿಮ್ಮ ಟೀಚರ್ ಸುಳ್ಳು ಹೇಳಿಲ್ಲ ಮಕ್ಕಳೇ. ನಾನು ಅವರ ಅಮ್ಮ. ಅಲ್ಲ ಅಂದವಳು ನಾನು. ಸುಳ್ಳು ಹೇಳಿದವಳು ನಾನು."

ಗುಂಡಣ್ಣ ಬಾಯಿ ತೆರೆದು ನೋಡುತ್ತಿದ್ದ. ನೀನ್ಯಾಕೆ ಸುಳ್ಳು ಹೇಳಿದೆ ಎಂದ. ಅಪ್ಪನ ಗತ್ತು ಇರಲಿಲ್ಲ, ತಿಳಿಯಬೇಕೆಂದೇ ಕೇಳಿದ. ಹೆದರಿಕೊಂಡೆ ಕಣಪ್ಪ ಎಂದೆ.

ಕೊನೆಯ ಬೆಂಚಿನಲ್ಲಿ ಆ ಹುಡುಗಿ ಎದ್ದು ನಿಂತಳು. ಬಾಯಿ ಅಲುಗಿತು, ಮಾತು ಬರಲಿಲ್ಲ. ವಾಚ್‌ಮನ್ ಓಡಿ ಬರುವ ಬೂಟಿನ ಸದ್ದು ಹತ್ತಿರವಾಗುತ್ತಿತ್ತು. ಯಾವ ಮಗುವೂ ನಗಲಿಲ್ಲ. ಕಾದರು. ಹಾಗೆ ಕಾಯುವುದನ್ನು ಅವರಿಗೆ ಯಾರು ಕಲಿಸಿದ್ದೆಂದು ನನಗೆ ಗೊತ್ತು.

"ನಾ... ನಾನೂ ಹೆದರಿದ್ದೆ. ಟೀ... ಟೀಚರ್ ಬೈಲಿಲ್ಲ."

ವಾಚ್‌ಮನ್ ರೆಟ್ಟೆಗೆ ಕೈ ಹಾಕಿದ. ನಾನೇ ನಡೆದು ಹೋಗುತ್ತೇನೆ ಎಂದು ಕೊಡವಿಕೊಂಡು ಬಂದೆ.

ಮನೆಯಲ್ಲಿ ಮಗಳು ಬಟ್ಟೆ ಹಿಂಡಿ ಹಗ್ಗಕ್ಕೆ ಹಾಕುತ್ತಿದ್ದಳು. ಕೆಲಸ ಬಿಟ್ಟು ಬಂದೆ ಎಂದೆ. ಕ್ಲಾಸಿಗೆ ಹೋಗಿ ಎಲ್ಲ ಮಕ್ಕಳ ಮುಂದೆ ಹೇಳಿಬಂದೆ ಎಂದೆ. ಕುರ್ಚಿಯಲ್ಲಿ ಕೂತದ್ದು, ಮೇಡಂ ಬೆಚ್ಚಿದ್ದು ಎಲ್ಲವನ್ನೂ ಹೇಳಬೇಕೆಂದಿದ್ದೆ. ಅವಳು ಅದು ಯಾವುದನ್ನೂ ಕೇಳಲಿಲ್ಲ. ಒದ್ದೆ ಬಟ್ಟೆ ಕೈಯಲ್ಲಿ ಹಾಗೇ ಹಿಡಿದುಕೊಂಡು ನಿಂತಳು.

"ಆ ಮಗು ಬಂದಿತ್ತಾಮ್ಮ?"

"ಬಂದಿತ್ತು."

"ಮಾತಾಡ್ತಾ?"

"ಮಾತಾಡ್ತು. ಎದ್ದು ನಿಂತು ಮಾತಾಡ್ತು."

ಸಾಕು ಬಿಡು ಎಂದು ಅವಳು ಆ ಕಡೆ ತಿರುಗಿ ಬಟ್ಟೆ ಕೊಡವಿದಳು. ಅವಳಿಗೆ ಅಷ್ಟು ಸಾಕಾಯಿತು. ಮಕ್ಕಳೇ ಇಲ್ಲ ಅಂದ ನನಗೆ ಇನ್ನೂ ಸಾಕಾಗಿಲ್ಲ.